ಪ್ಯಾನೆಲ್ ಅಲ್ಲ, ಕೇಬಲ್: ಹಳೆ ಲ್ಯಾಪ್‌ಟಾಪ್ 144 ಹರ್ಟ್ಸ್ ಆದ ಕತೆ

ಹಳೆ ಲ್ಯಾಪ್‌ಟಾಪಿಗೆ 144 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಪರದೆ ಹಾಕುತ್ತೇನೆ ಎಂದದ್ದಕ್ಕೆ “ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸತೇ ತೆಗೊಳ್ಳೋದಲ್ವ ಮಾರಾಯ” ಎಂದು ಭಾವ ಆರು ತಿಂಗಳು ನನ್ನ ತಲೆ ತಿಂದಿದ್ದರು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನ ರಿಪೇರಿಯವನೂ “ನಹೀ ಹೋಗಾ ಅಣ್ಣಾ” ಎಂದು ಕೈ ಆಡಿಸಿದ್ದ. ಈಗ ಡೊಂಬಿವಲಿಯ ನಮ್ಮ ಮನೆಯಲ್ಲಿ ಅದೇ ಲ್ಯಾಪ್‌ಟಾಪ್ 144 ಹರ್ಟ್ಸ್‌ನಲ್ಲಿ ಎರಡು ಮಳೆಗಾಲ ದಾಟಿದೆ.

ಯಂತ್ರ 8ನೇ ತಲೆಮಾರಿನ ಐ7, 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಕಾರ್ಡಿನ ತಕರಾರಿರಲಿಲ್ಲ, ಪರದೆಯೇ ದರಿದ್ರ: 60 ಹರ್ಟ್ಸ್, ಹತ್ತು ಸಲ ಒಗೆದ ಬಟ್ಟೆಯ ಬಣ್ಣ. ಮೊದಲು ಪುಕ್ಕಟೆ ದಾರಿ ನೋಡಿದೆ. ಪರದೆಯ ವೇಗ ತಿದ್ದುವ ಸಿಆರ್‌ಯು ಎಂಬ ತಂತ್ರಾಂಶ ಹಾಕಿ 75ರವರೆಗೆ ಎಳೆದೆ, ನಿಂತಿತು. 80 ದಾಟಿದ ಕೂಡಲೇ ಪರದೆಗೆ ನಡುಕ.

ಆಮೇಲೆ ಎಯುಓ ಕಂಪನಿಯ 144 ಹರ್ಟ್ಸ್ ಪ್ಯಾನೆಲ್ (ಪರದೆಯ ಬಿಡಿಭಾಗ) ಬಿ156ಎಚ್‌ಎಎನ್08.0 ತರಿಸಿದೆ, ಎಂಟೂವರೆ ಸಾವಿರದ ಹತ್ತಿರ. ಅದು 40 ಪಿನ್, ನನ್ನ ಕೇಬಲ್ 30. ಗೊತ್ತಿದ್ದೇ ತರಿಸಿದ್ದು, ಅಡಾಪ್ಟರ್ ಹಾಕಿದರಾಯಿತು ಎಂಬ ಜಂಬ. ನಾನೂರು ರೂಪಾಯಿಯ ಅಡಾಪ್ಟರಿನಲ್ಲಿ ಚಿತ್ರವೇನೋ ಬಂತು, ಸೆಟ್ಟಿಂಗ್ಸ್‌ನಲ್ಲಿ 144 ಎಂಬ ಸಾಲೇ ಇಲ್ಲ. ಹಳೆ ಕೇಬಲಿನಲ್ಲಿ ಎಳೆದದ್ದು ಎರಡೇ ಲೇನ್ (ಚಿತ್ರದ ದತ್ತಾಂಶ ಹರಿಯುವ ತಂತಿಜೋಡಿ), ಈ ಪ್ಯಾನೆಲಿಗೆ ಬೇಕಾದದ್ದು ನಾಲ್ಕು. ಇಲ್ಲದ ತಂತಿಯನ್ನು ಅಡಾಪ್ಟರ್ ಎಲ್ಲಿಂದ ತಂದೀತು?

ಸಿಟ್ಟಿನಲ್ಲಿ ಹೊಸ ಪ್ಯಾನೆಲನ್ನು ಕಿತ್ತು ಹಳೆಯದನ್ನು ಸಿಕ್ಕಿಸಿದೆ. ಬ್ಯಾಟರಿ ಕನೆಕ್ಟರ್ ಬಿಚ್ಚಿರಲಿಲ್ಲ, ಒಳಗೆ ಕರೆಂಟ್ ಇದ್ದೇ ಇತ್ತು. ಆನ್ ಮಾಡಿದರೆ ಕಗ್ಗತ್ತಲೆ. ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದಾಗ ಕಪ್ಪಿನೊಳಗೆ ಮಸುಕಾಗಿ ರೀಸೈಕಲ್ ಬಿನ್ ಕಂಡಿತು. ಹೋದ ಜೀವ ಬಂತು. ಹೋದದ್ದು ಪರದೆಯ ಹಿಂದಿನ ಬೆಳಕಿನ, ಅಂದರೆ ಬ್ಯಾಕ್‌ಲೈಟಿನ ಫ್ಯೂಸ್ ಮಾತ್ರ, ಎಳ್ಳುಕಾಳಿನಷ್ಟಿರುತ್ತದೆ. ಬದಲಿಸಲು ಆರುನೂರು ರೂಪಾಯಿ, ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿಗೆ ಹೋಗಿಬರಲು ಒಂದು ರಜೆ.

ಆದರೆ ಅಲ್ಲಿ ಮದರ್‌ಬೋರ್ಡ್ ಹೊರಗೆ ತೆಗೆದಾಗಲೇ ಕಣ್ಣಿಗೆ ಬಿದ್ದದ್ದು: ಬೋರ್ಡಿನ ಕಡೆಯ ಸಾಕೆಟ್ 40 ಪಿನ್ನಿನದೇ! ಇದೇ ಬೋರ್ಡನ್ನು ಕಂಪನಿ ದುಬಾರಿ ಮಾಡೆಲಿಗೂ ಹಾಕಿತ್ತು. ಅದರ ಕೇಬಲ್ ಹುಡುಕಲು ಎರಡು ಶನಿವಾರ ಗಲ್ಲಿ ಗಲ್ಲಿ ಅಲೆದೆ. ಕೊನೆಗೆ ಒಬ್ಬ ಅಂಗಡಿಯವ ಸಾವಿರದ ಇನ್ನೂರಕ್ಕೆ ಕೊಟ್ಟ. ಯಾವ ಅಂಗಡಿ ಎಂದು ಕೇಳಬೇಡಿ, ನನಗೆ ಇನ್ನೂ ಎರಡು ಬೇಕಾಗಿವೆ. ಸಾಕೆಟ್ ದೊಡ್ಡದಿದೆ ಎಂದು ಹಿಗ್ಗಲೂಬೇಡಿ. ಕೆಲವು ಬೋರ್ಡುಗಳಲ್ಲಿ ಉಳಿದೆರಡು ಲೇನಿನ ಪುಟ್ಟ ಕೆಪಾಸಿಟರ್‌ಗಳನ್ನೇ ಕೂರಿಸಿರುವುದಿಲ್ಲ, ಬರೀ ಬೆಸುಗೆಯ ಚುಕ್ಕೆ ಇರುತ್ತದೆ. ಭೂತಗನ್ನಡಿ ಹಿಡಿದು ನೋಡಿ.

ನಡುವೆ ಇನ್ನೊಂದು ಹುಚ್ಚು. ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟಿನಿಂದ ಗೆಳೆಯನ ಡೆಸ್ಕ್‌ಟಾಪ್ ಗ್ರಾಫಿಕ್ಸ್ ಕಾರ್ಡ್ ಜೋಡಿಸಿದ್ದೆ. ಹೊರಗಿನ ಮಾನಿಟರಿನಲ್ಲಿ ಕುದುರೆ. ಒಳಪರದೆಗೆ ಬರಬೇಕಾದರೆ ಫ್ರೇಮ್‌ಗಳು ಅದೇ ಸಂದಿಯಲ್ಲಿ ವಾಪಸು ನುಗ್ಗಬೇಕಲ್ಲ, ಸೊರಗಿಹೋಯಿತು. ಎಸ್‌ಎಸ್‌ಡಿ ಬೇರೆ ತೆಗೆದಿಡಬೇಕಿತ್ತು. ಎರಡೇ ದಿನಕ್ಕೆ ಕಾರ್ಡ್ ವಾಪಸು.

ಹೊಸ ಕೇಬಲ್ ಹಾಕಿದ ರಾತ್ರಿ 144 ಕಾಣಿಸಿತು. ಕೌಂಟರ್-ಸ್ಟ್ರೈಕ್ ಗೇಮಿನಲ್ಲಿ 1060 ಅಷ್ಟೂ ಫ್ರೇಮ್ ತುಂಬುತ್ತದೆ, ಭಾರಿ ಗೇಮ್‌ಗಳಲ್ಲಿ 70-80ಕ್ಕೆ ಏದುಸಿರು. ನನ್ನದರಲ್ಲಿ ಪರದೆಯ ಸಂಪರ್ಕ ಇಂಟೆಲ್ ಚಿಪ್ಪಿಗೆ, ಹಾಗಾಗಿ ಕಾರ್ಡಿನ ಫ್ರೇಮಿಗೆ ಪರದೆಯ ವೇಗ ಹೊಂದಿಸುವ ಎನ್‌ವಿಡಿಯಾದ ಜಿ-ಸಿಂಕ್ ಇಲ್ಲ. ದಂಡ ಸೇರಿಸಿ ಒಟ್ಟು ಹನ್ನೊಂದು ಸಾವಿರದೊಳಗೆ. ಭಾವ ಬಂದು ಮೌಸ್ ಅಲ್ಲಾಡಿಸಿ “ಹೂಂ” ಎಂದರು, ಅಷ್ಟೇ.

ಹೊಸ ಪ್ಯಾನೆಲಿಗೆ ಸ್ಕ್ರೂ ಕಿವಿಗಳಿಲ್ಲ, ಡಬಲ್ ಟೇಪೇ ಗತಿ. ಮೊದಲ ಮೇ ತಿಂಗಳ ಸೆಕೆಗೆ ಅಂಟು ಕರಗಿ ಪರದೆ ಅರ್ಧ ಮಿಲಿಮೀಟರ್ ಕೆಳಗೆ ಜಾರಿತ್ತು. ಈಗ ಬೇರೆ ಟೇಪ್ ಹಾಕಿದ್ದೇನೆ. ಎರಡನೇ ಮೇ ಕಳೆದರೂ ಅಲುಗಿಲ್ಲ.