ಕಲಘಟಗಿಯ ಹಂಚು, ನವಲಗುಂದದ ಮೇಲ್ಮುದ್ದೆ

ನಮ್ಮೂರು ನವಲಗುಂದದ ಕಡೆ. ಧಾರವಾಡಕ್ಕೆ ಬಿ.ಎ. ಓದಲು ಬಂದಾಗ ಭೂಗೋಳ ತೆಗೆದುಕೊಂಡೆ. ಮೊದಲ ವರ್ಷ ಪೂರ್ತಿ ಬಾಯಿಪಾಠ. ರೆಗೂರ್ ಮಣ್ಣಿನ ಗುಣಗಳನ್ನು ಸಾಲಾಗಿ ಹೇಳುತ್ತಿದ್ದೆ. ಅದು ನಮ್ಮ ಹೊಲದ ಕಪ್ಪು ಎರೆಮಣ್ಣೇ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ದಾರಿ ತೋರಿಸಿದ್ದು ಟೋಪೋಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆ. 1:50,000 ಅಳತೆಯ ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್. ನೆಲವನ್ನು ಕತ್ತರಿಸಿ ಪಕ್ಕದಿಂದ ನೋಡಿದಂತೆ ತೋರಿಸುವ ಅಡ್ಡಕೊಯ್ತ ಬರೆಯುವಾಗ ಎತ್ತರಕ್ಕೂ ಅದೇ ಅಳತೆ ಇಟ್ಟೆ. 20 ಮೀಟರ್ ಏರು ಬರೀ 0.4 ಮಿ.ಮೀ. ಆಯಿತು, ಗುಡ್ಡವೆಲ್ಲ ಚಪ್ಪಟೆ! ಎತ್ತರಕ್ಕೆ 1 ಸೆಂ.ಮೀ.ಗೆ 100 ಮೀಟರ್ ಇಟ್ಟು, ಅಂದರೆ ಐದು ಪಟ್ಟು ಹಿಗ್ಗಿಸಿ, ಮತ್ತೆ ಬರೆದೆ. ಆಗ ನೆಲ ಎದ್ದು ಕಂಡಿತು. ಇದನ್ನು ಯಾರೂ ಸುಮ್ನೆ ಓದಿ ಕಲಿಯಲಾರರು, ಕೈಯಿಂದ ಬರೆಯಲೇಬೇಕು.

ಆಮೇಲೆ ಒಂದು ರಜೆಯಲ್ಲಿ ಸಹ್ಯಾದ್ರಿ ಕಡೆಯ ಕಲಘಟಗಿಯ ಗೆಳೆಯನ ಮನೆಗೆ ಹೋದೆ. ಅಲ್ಲಿಂದ ಹುಬ್ಬಳ್ಳಿ ದಾಟಿ ನವಲಗುಂದದವರೆಗೆ ಬಸ್ಸಿನ ಕಿಟಕಿ ಪಕ್ಕ ಕೂತು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಮಾಡಿದೆ: ಮಣ್ಣು, ಬೆಳೆ, ಮನೆಯ ಚಾವಣಿ. ಕಲಘಟಗಿಯಲ್ಲಿ ಭತ್ತದ ಗದ್ದೆ, ಇಳಿಜಾರು ಹಂಚಿನ ಮನೆ. ಹುಬ್ಬಳ್ಳಿ ದಾಟಿದ ಮೇಲೆ ಮರ ಕಡಿಮೆಯಾದವು, ನೆಲ ಕಪ್ಪಾಯಿತು. ಹತ್ತಿ, ಜೋಳ, ಕಡಲೆ. ಮನೆಗಳೆಲ್ಲ ಮಟ್ಟಸ, ಮೇಲೆ ಮೇಲ್ಮುದ್ದೆ, ಅಂದರೆ ಮಣ್ಣಿನ ಚಪ್ಪಟೆ ಚಾವಣಿ. ಸಹ್ಯಾದ್ರಿಯಿಂದ ಪೂರ್ವಕ್ಕೆ ಸರಿದಂತೆ ಮುಂಗಾರು ಸೊರಗುತ್ತದೆ. ಜಾಸ್ತಿ ಮಳೆ ಬೀಳುವಲ್ಲಿ ಮಣ್ಣಿನ ಮಾಳಿಗೆ ನಿಲ್ಲುವುದಿಲ್ಲ, ಅಲ್ವಾ? ಪ್ರಾಕೃತಿಕ ಭೂಗೋಳ ಒಂದು ಪೇಪರ್, ಮಾನವ ಭೂಗೋಳ ಇನ್ನೊಂದು ಪೇಪರ್ ಅಂದುಕೊಂಡಿದ್ದೆ. ಆ ನೋಟ್‌ಬುಕ್ಕಿನಲ್ಲಿ ಎರಡೂ ಒಂದೇ ಪುಟದಲ್ಲಿ ಕೂತಿದ್ದವು.

ಊರಿಗೆ ಬಂದು ಅಜ್ಜಿಯನ್ನು ಕೇಳಿದೆ. ನಮ್ಮ ಬಾವಿ ನೀರು ಸವಳು, ಕುಡಿಯಲು ಕೆರೆಯೇ ಗತಿ. ಅದಕ್ಕೇ ಮನೆಗಳೆಲ್ಲ ಹೊಲದಲ್ಲಿ ಚದುರದೆ ಒಂದೇ ಕಡೆ ಒತ್ತಾಗಿವೆ ಎಂದಳು. ಪಾಠದಲ್ಲಿ ಗುಂಪು ವಸತಿ ಎಂದು ಓದಿದ್ದೂ ಇದನ್ನೇ. ಹಿಂಗಾರಿಯ ಗುಟ್ಟೂ ಅವಳಿಂದಲೇ ತಿಳಿಯಿತು: ಎರೆ ನೆಲ ಮಳೆಗಾಲದ ಹಸಿ ಹಿಡಿದಿಟ್ಟುಕೊಳ್ಳುತ್ತದೆ, ಆ ಹಸಿಯ ಮೇಲೆಯೇ ಬಿಳಿಜೋಳ, ಕಡಲೆ ಬರುತ್ತವೆ. ಬೇಸಿಗೆಯಲ್ಲಿ ಅದೇ ನೆಲ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ನೀರು ಕುಡಿದು ಹಿಗ್ಗುವ, ಒಣಗಿ ಕುಗ್ಗುವ ಜೇಡಿಯೇ ಅದಕ್ಕೆ ಕಾರಣ.

ಪರೀಕ್ಷೆಯಲ್ಲಿ ಮಣ್ಣಿನ ಪ್ರಶ್ನೆಗೆ ನಮ್ಮ ಹೊಲವನ್ನೇ ಬರೆದೆ, ಪಕ್ಕದಲ್ಲಿ ಅಡ್ಡಕೊಯ್ತದ ಚಿತ್ರ ಹಾಕಿದೆ. ಬಾಯಿಪಾಠ ಬೇಕಾಗಲೇ ಇಲ್ಲ.

ಈಗ ಎರಡೂ ಕಡೆ ಆರ್‌ಸಿಸಿ ಮನೆಗಳು ಬಂದಿವೆ. ಚಾವಣಿ ನೋಡಿ ಮಳೆ ಹೇಳುವುದು ಕಷ್ಟ. ಹಾಗಾಗಿ ನೋಟ್‌ಬುಕ್ಕಿಗೆ ನಾಲ್ಕನೇ ಸಾಲು ಸೇರಿಸಿದ್ದೇನೆ: ಕುಡಿಯುವ ನೀರು ಎಲ್ಲಿಂದ ಬರುತ್ತದೆ. ಕಲಘಟಗಿ ಕಡೆಯ ಪುಟ ತುಂಬಿದೆ. ನಮ್ಮೂರ ಪುಟಕ್ಕೆ ಇನ್ನೂ ಅರ್ಧ ಓಣಿ ಕೇಳಬೇಕು.