ಕೇಂದ್ರ ಸರ್ಕಾರದ ಇಲಾಖೆಯಿಂದ ಗಾಯವಾದರೆ ಕೊಡಗಿನಲ್ಲೇ ದಾವೆ ಹೂಡುವ ಕ್ರಮ

ಮಳೆಗಾಲದಲ್ಲಿ ಮಡಿಕೇರಿಯ ಯಾವುದೋ ಕೇಂದ್ರ ಸರ್ಕಾರಿ ಕಚೇರಿಯ ಶಿಥಿಲ ಮೆಟ್ಟಿಲು ಕುಸಿದು ಕಾಲು ಮುರಿದುಕೊಂಡವರು ಸಾಮಾನ್ಯವಾಗಿ ಅಲ್ಲಿನ ಅಧಿಕಾರಿಗೋ ಜಿಲ್ಲಾಧಿಕಾರಿಗೋ ಒಂದು ಮನವಿ ಕೊಟ್ಟು ಉತ್ತರಕ್ಕಾಗಿ ಕಾಯುತ್ತಾರೆ. ಮನವಿ ಕೊಟ್ಟ ಮಾತ್ರಕ್ಕೆ ದಾವೆಯ ಕಾಲಮಿತಿ ನಿಲ್ಲುವುದಿಲ್ಲ.

ಪ್ರತಿವಾದಿ ಯಾರೆಂಬುದು ಮೊದಲು ಖಚಿತವಾಗಬೇಕು. ಅಂಚೆ, ಆದಾಯ ತೆರಿಗೆಯಂಥ ಇಲಾಖೆಗಳಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 79ನೇ ಕಲಮಿನಂತೆ ‘ಭಾರತ ಒಕ್ಕೂಟ’ವೇ ಪ್ರತಿವಾದಿ. ಕಾಫಿ ಮಂಡಳಿಯಾದರೋ 1942ರ ಕಾಫಿ ಕಾಯ್ದೆಯಡಿ ಸ್ವತಂತ್ರ ನಿಗಮಸ್ವರೂಪ ಪಡೆದಿರುವುದರಿಂದ, ಚೆಟ್ಟಳ್ಳಿಯ ಸಂಶೋಧನಾ ಉಪಕೇಂದ್ರದಲ್ಲಿ ಗಾಯಗೊಂಡವರು ಮಂಡಳಿಯನ್ನೇ ಹೆಸರಿಸಬೇಕಾಗುತ್ತದೆ. (ತೋಟದಲ್ಲಿ ಆನೆ ತುಳಿದ ಪ್ರಕರಣ ಈ ದಾರಿಯದಲ್ಲ, ಅದರ ಪರಿಹಾರಕ್ಕೆ ರಾಜ್ಯದ ಅರಣ್ಯ ಇಲಾಖೆಯನ್ನೇ ಕೇಳಬೇಕು.)

ಒಕ್ಕೂಟದ ವಿರುದ್ಧದ ದಾವೆಗೆ 80ನೇ ಕಲಮಿನ ನೋಟಿಸೇ ತಳಪಾಯ. ಅದು ಸ್ಥಳೀಯ ಕಚೇರಿಗಲ್ಲ, ಸಂಬಂಧಪಟ್ಟ ಇಲಾಖೆಯ ಕಾರ್ಯದರ್ಶಿಗೆ ತಲುಪಬೇಕು. ವಾದಿಯ ಹೆಸರು, ವಿವರ, ವಾಸಸ್ಥಳ, ದಾವೆಗೆ ಕಾರಣವಾದ ಘಟನೆ ಮತ್ತು ಕೇಳುವ ಪರಿಹಾರ ಅದರಲ್ಲಿ ಸ್ಪಷ್ಟವಾಗಿರಬೇಕು. ತಲುಪಿದ ಮೇಲೆ ಎರಡು ತಿಂಗಳು ಕಳೆಯುವವರೆಗೆ ದಾವೆ ಹೂಡುವಂತಿಲ್ಲ. ತುರ್ತು ಪರಿಹಾರ ಬೇಕಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ಹೂಡಬಹುದಾದರೂ, ಹಳೆಯ ಗಾಯಕ್ಕೆ ಹಣ ಕೇಳುವವರಿಗೆ ಆ ವಿನಾಯಿತಿ ಸಿಗುವುದು ಕಷ್ಟ. ನೋಟಿಸು ತಲುಪಿಸಿದ ಸಂಗತಿಯನ್ನು ವಾದಪತ್ರದಲ್ಲೂ ಬರೆಯಲೇಬೇಕು. ಆದ್ದರಿಂದ ಅಂಚೆಯ ರಸೀದಿಯನ್ನೂ ಸ್ವೀಕೃತಿಯನ್ನೂ ಆಸ್ಪತ್ರೆಯ ಗಾಯದ ಪ್ರಮಾಣಪತ್ರದಷ್ಟೇ ಜೋಪಾನವಾಗಿಡಿ.

ಕಾಲಮಿತಿಯ ವಿಷಯದಲ್ಲಿ ನನ್ನ ಸಲಹೆ, ಒಂದು ವರ್ಷವನ್ನೇ ಗಡುವೆಂದು ಭಾವಿಸುವುದು. 1963ರ ಕಾಲಮಿತಿ ಕಾಯ್ದೆಯ 113ನೇ ಅನುಚ್ಛೇದದ ಮೂರು ವರ್ಷ ಅನ್ವಯಿಸುತ್ತದೆಂದು ವಾದಿಸಲು ಅವಕಾಶವಿದ್ದರೂ, ಕಾನೂನಿನಂತೆ ನಡೆದುಕೊಂಡೆವೆಂದು ಇಲಾಖೆ ಹೇಳಿದರೆ 72ನೇ ಅನುಚ್ಛೇದದ ಒಂದು ವರ್ಷ ಎದುರಾಗುತ್ತದೆ. ನೋಟಿಸಿನ ಅವಧಿ ಈ ಗಡುವಿನ ಲೆಕ್ಕಕ್ಕೆ ಸೇರುವುದಿಲ್ಲ.

ಗಾಯ ಸರ್ಕಾರಿ ವಾಹನದಿಂದಾಗಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ. ಮೋಟಾರು ವಾಹನ ಕಾಯ್ದೆಗೆ 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ಹಾಕಿದೆ. ಸರ್ಕಾರಿ ಜೀಪು ಪಾದಚಾರಿಗೆ ಗುದ್ದಿದ ಪ್ರಕರಣದಲ್ಲಿ ರಾಜಸ್ಥಾನ ಸರ್ಕಾರವೇ ಹೊಣೆಯೆಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ.

ದಾವೆಗಾಗಿ ದೆಹಲಿಗೆ ಅಲೆಯಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಮಿನ ಪ್ರಕಾರ ಗಾಯವಾದ ಸ್ಥಳದ ನ್ಯಾಯಾಲಯದಲ್ಲೇ ಹೂಡಬಹುದು. ವಕೀಲರ ಶುಲ್ಕ ಭರಿಸಲಾಗದವರು ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನೋಟಿಸು ಬರೆಯುವ ಮೊದಲೇ ಹೋಗುವುದು ಒಳ್ಳೆಯದು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿನ ಹಕ್ಕಿದೆ.