1893-ಎಸ್ ಮಾರ್ಗನ್ ಡಾಲರ್: ಅಸಲಿಯೋ ನಕಲಿಯೋ, ನಾನು ನೋಡುವ ಕ್ರಮ

ಮಾರ್ಗನ್ ಡಾಲರ್ ಅಮೆರಿಕದ ಹಳೆಯ ಬೆಳ್ಳಿ ನಾಣ್ಯ, 'ಎಸ್' ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತು. ಆ ಟಂಕಸಾಲೆ 1893ರಲ್ಲಿ ಹೊಡೆದದ್ದು 1,00,000 ನಾಣ್ಯ ಮಾತ್ರ. ಹಾಗಾಗಿ ಚೆನ್ನಾಗಿ ಸವೆದ ನಾಣ್ಯಕ್ಕೂ ಸಾವಿರಾರು ಡಾಲರ್ ಬೆಲೆ, ಅದಕ್ಕೆ ತಕ್ಕಂತೆ ನಕಲಿಗಳ ಕಾಟ.

ಮೊದಲು ತೂಕ. ಹೊಸ ನಾಣ್ಯ 26.73 ಗ್ರಾಂ, ವ್ಯಾಸ 38.1 ಮಿ.ಮೀ. ಸವೆದದ್ದು ಸ್ವಲ್ಪ ಕಡಿಮೆ ತೂಗುತ್ತದೆ, ಅದು ಸಹಜ. ಆಮೇಲೆ 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದು, ನಾಣ್ಯವನ್ನು ತೆಳು ದಾರದಲ್ಲಿ ತಳ ತಾಗದಂತೆ ಮುಳುಗಿಸುತ್ತೇನೆ. ತಕ್ಕಡಿ ಆಗ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಪೂರ್ತಿ ತೂಕದ ನಾಣ್ಯವಾದರೆ ಸುಮಾರು 2.58 ಗ್ರಾಂ ಬರಬೇಕು, ಏಕೆಂದರೆ ಶೇ. 90 ಬೆಳ್ಳಿ, ಶೇ. 10 ತಾಮ್ರದ ಈ ಮಿಶ್ರಲೋಹ ನೀರಿಗಿಂತ ಸುಮಾರು 10.3 ಪಟ್ಟು ಸಾಂದ್ರ. ಅಷ್ಟೇ ತೂಕದ ಕಬ್ಬಿಣದ ನಕಲಿ 3.4ರ ಹತ್ತಿರ ತೋರಿಸುತ್ತದೆ. ಗಾಳಿಗುಳ್ಳೆ ಅಂಟಿಕೊಂಡರೆ ಅಸಲಿಯೂ ನಕಲಿಯಂತೆ ಕಾಣುತ್ತದೆ, ಅದಕ್ಕೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿಕೊಳ್ಳುತ್ತೇನೆ.

ಇಷ್ಟರಲ್ಲಿ ಸಿಕ್ಕಿಬೀಳುವುದು ಅಗ್ಗದ ನಕಲಿ ಮಾತ್ರ. ಟಂಕಸಾಲೆಯ ಗುರುತಿಲ್ಲದ ಫಿಲಡೆಲ್ಫಿಯಾದ 1893ರ ನಾಣ್ಯಕ್ಕೆ 'ಎಸ್' ಅಂಟಿಸಿದ್ದು, 1898-ಎಸ್‌ನ ಕೊನೆಯ ಅಂಕಿ ತಿದ್ದಿದ್ದು ಎರಡೂ ಅದೇ ಬೆಳ್ಳಿ ಮಿಶ್ರಣದವೇ. ತಕ್ಕಡಿ ಅಲ್ಲಿ ಏನೂ ಹೇಳುವುದಿಲ್ಲ.

ಅಲ್ಲಿ ಕೈ ಹಿಡಿಯುವುದು ಅಚ್ಚು. ಅಸಲಿ 1893-ಎಸ್ ನಾಣ್ಯಗಳೆಲ್ಲದರ ಮುಖದ ಬದಿಗೆ ಬಳಸಿದ್ದು ಒಂದೇ ಅಚ್ಚು. ಹತ್ತು ಪಟ್ಟಿನ ಭೂತಗನ್ನಡಿ, ಪಕ್ಕದಿಂದ ಬೀಳುವ ಒಂದೇ ದೀಪ ಸಾಕು. ಹೆಣ್ಣುಮುಖದ ತಲೆಪಟ್ಟಿಯ 'ಲಿಬರ್ಟಿ' (LIBERTY) ಪದದಲ್ಲಿ 'ಟಿ' ಅಕ್ಷರದ ಮೇಲ್ಭಾಗದಲ್ಲಿ ಓರೆಯಾದ ಸಣ್ಣ ಉಬ್ಬುಗೆರೆ ಇರುತ್ತದೆ. 'ಆರ್' ಅಕ್ಷರದ ಎಡಪಾದದಲ್ಲೂ ಚಿಕ್ಕ ಉಬ್ಬು. ಇಸವಿಯ '1' ಕೆಳಗಿನ ಅಂಚುಹಲ್ಲಿನ (ಅಂಚಿನುದ್ದಕ್ಕೂ ಇರುವ ಸಣ್ಣ ಹಲ್ಲುಗಳಲ್ಲೊಂದರ) ನಡುಮಧ್ಯಕ್ಕೆ ನೇರ ಕೂತಿರುತ್ತದೆ. ಗೆರೆ ಮೇಲೆದ್ದಿರಬೇಕು, ತಗ್ಗಿನಲ್ಲಿದ್ದರೆ ಯಾರೋ ಗೀಚಿದ್ದು. ತಲೆಪಟ್ಟಿ ಪೂರ್ತಿ ಸವೆದು 'ಟಿ' ಓದಲಾಗದಿದ್ದರೆ ಇಸವಿಯ ಸ್ಥಾನವೇ ಆಧಾರ, ಅದೊಂದನ್ನೇ ನಂಬಿ ನಾನು ದುಡ್ಡು ಕೊಡುವುದಿಲ್ಲ.

ಆಮೇಲೆ ಹದ್ದಿನ ಬದಿ. ಹಾರದ ಗಂಟಿನ ಕೆಳಗಿನ 'ಎಸ್' ಬುಡದ ಸುತ್ತ ನಾಣ್ಯವನ್ನು ಓರೆ ಮಾಡಿ ನೋಡುತ್ತೇನೆ. ಬುಡದಲ್ಲಿ ಕೂದಲೆಳೆಯ ಸಂದು, ಸುತ್ತಲಿನ ಬಣ್ಣದಲ್ಲಿ ವ್ಯತ್ಯಾಸ, ಉಜ್ಜಿದ ಹೊಳಪು: ಇವು ಅಂಟಿಸಿದ್ದರ ಕುರುಹು. ಶುದ್ಧ ಅಸಿಟೋನ್‌ನಲ್ಲಿ ನೆನೆಸಿದರೆ ಕೆಲವು ಅಂಟು ಬಿಡುತ್ತವೆ, ಬೆಳ್ಳಿಗೆ ಏನೂ ಆಗದು. ಕಿಟಕಿ ತೆರೆದಿಡಿ, ಬೆಂಕಿ ಹತ್ತಿರ ಬೇಡ. ದೇವರ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದರೆ ಮಾತ್ರ ಬೆಲೆ ನೆಲಕಚ್ಚುತ್ತದೆ.

ಪಿವಿಸಿ ಕವರ್‌ನಲ್ಲಿಟ್ಟರೆ ಹಸಿರು ಜಿಗುಟು ಹಿಡಿಯುತ್ತದೆ. ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಕವರ್ ಬಳಸಿ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿಯ ಮೊಹರಾದ ಪೆಟ್ಟಿಗೆಯಲ್ಲಿದ್ದರೂ ಪೆಟ್ಟಿಗೆಯೇ ನಕಲಿಯಾಗಿರಬಹುದು. ಪ್ರಮಾಣಪತ್ರದ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ, ಅಲ್ಲಿ ಚಿತ್ರವಿದ್ದರೆ ಗೀರುಗಳನ್ನು ಒಂದೊಂದಾಗಿ ಕೈಯಲ್ಲಿರುವುದರೊಂದಿಗೆ ತಾಳೆ ನೋಡುತ್ತೇನೆ.